ಇಪ್ಪತ್ತೆಂಟಕ್ಕೇ ಸಾಕು ಅಂದವನು

ಪ್ರಾಜೆಕ್ಟ್ ಕೆಲಸಕ್ಕೆ ಅಂತ ನಾನು ಅಮೆರಿಕದ ಶಾರ್ಲೆಟ್‌ಗೆ ಹೋಗಿದ್ದು 2019ರ ಕೊನೆಯಲ್ಲಿ. ಭಾನುವಾರ ಹೊರಗೆ ಕಾಲಿಟ್ಟರೆ ಯಾರದಾದರೂ ಬೆನ್ನ ಮೇಲೆ 59 ನಂಬರಿನ ಜೆರ್ಸಿ. ಅದರ ಮೇಲಿದ್ದ ಹೆಸರನ್ನು 'ಕ್ಯೂಚ್ಲಿ' ಅಂತ ಓದಿದೆ. ಆಫೀಸಿನವರು ನಕ್ಕು, "ಕೀಕ್ಲಿ" ಅಂತ ತಿದ್ದಿದರು. ಲ್ಯೂಕ್ ಕೀಕ್ಲಿ, ಕೆರೊಲಿನಾ ಪ್ಯಾಂಥರ್ಸ್ ತಂಡದ ಲೈನ್‌ಬ್ಯಾಕರ್.

ಅಮೆರಿಕನ್ ಫುಟ್‌ಬಾಲ್ ಅಂದರೆ ಬರೀ ಗುದ್ದಾಟ ಅಂದುಕೊಂಡಿದ್ದೆ. ಲೈನ್‌ಬ್ಯಾಕರ್ ನಿಲ್ಲೋದು ರಕ್ಷಣೆಯ ಮೊದಲ ಸಾಲಿನ ಹಿಂದೆ. ಚೆಂಡು ಹಿಡಿದು ನುಗ್ಗುವವನನ್ನು ಕೆಡವಬೇಕು, ಎಸೆದ ಚೆಂಡನ್ನೂ ತಡೀಬೇಕು. ಕೀಕ್ಲಿ ಎದುರಾಳಿಗಳ ಹಳೇ ಆಟದ ವಿಡಿಯೊಗಳನ್ನು ಅರೆದು ಕುಡಿದಿದ್ದ. ಅವರು ನಿಂತ ರೀತಿ ನೋಡಿಯೇ ಮುಂದೇನು ಮಾಡ್ತಾರೆ ಅಂತ ತನ್ನವರಿಗೆ ಕೂಗಿ ಹೇಳ್ತಿದ್ದ. ದಿನವಿಡೀ ಲಾಗ್ ನೋಡಿ ಬಗ್ ಹುಡುಕೋ ನನಗೆ ಈ ಮನುಷ್ಯ ಇಷ್ಟವಾಗದೇ ಇರ್ತಾನಾ!

2012ರಲ್ಲಿ ಲೀಗ್‌ಗೆ ಬಂದವನು 2013ರಲ್ಲೇ ಇಡೀ ಲೀಗ್‌ನ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ. ಆಮೇಲೆ ಶುರುವಾಯ್ತು, ಆ ತಲೆಗೇ ಪೆಟ್ಟು. 2015, 2016, 2017, ಮೂರು ವರ್ಷವೂ ಕನ್ಕಷನ್. 2016ರ ನವೆಂಬರಿನಲ್ಲಿ ಮೈದಾನದಿಂದ ಗಾಡಿಯಲ್ಲಿ ಕರೆದೊಯ್ಯುವಾಗ ಅಷ್ಟು ಗಟ್ಟಿ ಆಳು ಬಿಕ್ಕಿಬಿಕ್ಕಿ ಅಳ್ತಿದ್ದ. ಆ ವಿಡಿಯೊ ಒಂದೇ ಸಲ ನೋಡಿದ್ದೇನೆ.

2020ರ ಜನವರಿಯಲ್ಲಿ ನಿವೃತ್ತಿ ಅಂದ. ವಯಸ್ಸು 28. ಆಡೋ ಆಸೆ ಇನ್ನೂ ಇದೆ, ಆದರೆ ಆಡೋದು ಸರಿಯಲ್ಲ ಅನ್ನೋ ಅರ್ಥದ ಮಾತನ್ನು ಗಂಟಲು ಕಟ್ಟಿಕೊಂಡೇ ಹೇಳಿದ. ಫಾರ್ಮ್ ಹೋಗಿರಲಿಲ್ಲ, ತಂಡ ಕೈಬಿಟ್ಟಿರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅಯ್ಯೋ, ಇಷ್ಟು ಬೇಗ ಕೆಲಸ ಬಿಟ್ನಾ? ಮನೇಲಿ ಏನೂ ಅನ್ನಲಿಲ್ವಾ?" ಅಂದಳು.

ಈಗ ನನಗೆ ಮೂವತ್ತು. ಎರಡು ವರ್ಷದಿಂದ ರಾತ್ರಿ ಪಾಳಿಯ ಸಪೋರ್ಟ್. ಕುತ್ತಿಗೆಯಿಂದ ಬಲಗೈ ಬೆರಳಿನವರೆಗೆ ಜೋಮು. ಡಾಕ್ಟರು ಪಾಳಿ ಬಿಡಿ ಅಂದರು. ನಾನು, ಈ ರಿಲೀಸ್ ಮುಗೀಲಿ ಸಾರ್ ಅಂದೆ. ಅದು ಮುಗಿದು ಇನ್ನೆರಡು ರಿಲೀಸ್ ಆದವು. ಹೋಲಿಕೆ ಸರಿಯಲ್ಲ, ಗೊತ್ತು. ಅವನ ಬ್ಯಾಂಕಿನಲ್ಲಿ ಕೋಟಿಗಳಿದ್ದವು, ನನ್ನದು ಹೋಮ್ ಲೋನ್.

ಕೀಕ್ಲಿ ಅದೇ ವರ್ಷ ಅದೇ ತಂಡಕ್ಕೆ ಸ್ಕೌಟ್ ಆಗಿ ವಾಪಸ್ ಬಂದ. ಹೆಲ್ಮೆಟ್ ಇಲ್ಲದೆ, ಬೇರೆಯವರ ಆಟ ನೋಡಿ ಅಳೆಯೋ ಕೆಲಸ. ನಾನೂ ಮೊನ್ನೆ ಮ್ಯಾನೇಜರ್‌ಗೆ ಪಾಳಿ ಬದಲಿಸಿ ಅಂತ ಮೇಲ್ ಬರೆದೆ. ಇನ್ನೂ ಡ್ರಾಫ್ಟ್‌ನಲ್ಲಿದೆ.