ತಂಬ್ರಹಳ್ಳಿಯ ಬಚ್ಚಲೊಲೆ

ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿಯು ಬಂಡೆ ರಂಗನಾಥನ ಕ್ಷೇತ್ರವೆಂದು ಸುತ್ತಣ ನಾಡಿಗೆಲ್ಲ ಪರಿಚಿತವಾದ ಗ್ರಾಮ. 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆಯು ಇಂದು ವಿಜಯನಗರ ಜಿಲ್ಲೆಯ ಭಾಗವಾಗಿದೆ. ತುಂಗಭದ್ರಾ ಜಲಾಶಯದ ಹಿನ್ನೀರು ಈ ಊರಿನ ಸಮೀಪದವರೆಗೂ ಚಾಚಿಕೊಂಡಿದೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ಮನೆಯನ್ನು ಬೆಚ್ಚಗಿಡಬೇಕೆಂಬ ಚಿಂತೆ ಯಾರಿಗೂ ಇಲ್ಲ. ಆದರೆ ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಹಿನ್ನೀರಿನ ಕಡೆಯಿಂದ ಗಾಳಿ ಬೀಸಿತೆಂದರೆ ಪೂಜೆಗೆ ಮೊದಲು ಜಳಕ ಮಾಡುವವನಿಗೆ ಬಿಸಿನೀರಿನ ಬೆಲೆ ತಿಳಿಯುತ್ತದೆ.

ಕಳೆದ ಮಾರ್ಗಶಿರದಲ್ಲಿ ಆ ಊರಿನ ಭಕ್ತರೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗುವ ಯೋಗ ನನಗೆ ಒದಗಿತು. ಹಳೆಯ ಮಾಳಿಗೆಮನೆ, ಹಿತ್ತಿಲಿಗೆ ತಾಗಿದಂತೆ ಬಚ್ಚಲು, ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ. ಮನೆಯ ಹಿರಿಯ ತಾಯಿಯವರು ಎಂಬತ್ತರ ಸಮೀಪದವರು. ನಸುಕಿನ ನಾಲ್ಕು ಗಂಟೆಗೆ ಎದ್ದು ಹಂಡೆಗೆ ಕಂಠಮಟ್ಟ ನೀರು ತುಂಬುವರು. ಒಲೆಯ ಬೂದಿ ಬಳಿಯುವರು. ಬೆಳಕಿಂಡಿಯ ಮುಚ್ಚಳ ಸರಿಸುವರು. ಅದಾದ ಮೇಲೆಯೇ ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ ಹಾಕಿ ಉರಿ ಹಚ್ಚಿ, ಬಳ್ಳಾರಿ ಜಾಲಿಯ ಕಟ್ಟಿಗೆಯನ್ನು ಒಳಗೆ ನೂಕುವರು. ಒಂದು ದಿನವೂ ಈ ಕ್ರಮ ತಪ್ಪಿದ್ದನ್ನು ನಾನು ಕಾಣಲಿಲ್ಲ.

"ಮೊದ್ಲು ನೀರು, ಆಮ್ಯಾಲ ಹೊಗಿ ಹೋಗಾಕ ದಾರಿ, ಕಡೀಗೆ ಬೆಂಕಿ. ನಮ್ಮ ಅತ್ತಿಯವರು ಕಲಿಸಿದ್ದು ಇಷ್ಟ ನೋಡ್ರಿ ಶಾಸ್ತ್ರಿಗಳೇ" ಎಂದರು ಆ ತಾಯಿ. ಬರಿದಾದ ಹಂಡೆಯ ಕೆಳಗೆ ಉರಿ ಹಾಕಿದರೆ ಬೆಸುಗೆ ಬಿಟ್ಟು ಹಂಡೆ ಹಾಳಾಗುತ್ತದೆ; ಕಿಂಡಿ ಮುಚ್ಚಿದ್ದರೆ ಉರಿಯೂ ಏಳದು, ಮನುಷ್ಯನೂ ಉಳಿಯನು. ಶಾಲೆಯ ಮೆಟ್ಟಿಲು ಹತ್ತದ ಅವರ ಈ ಮೂರು ಮಾತುಗಳು ನನಗೆ ಸಾವಿರಾರು ಮೈಲಿ ದೂರದ ಇನ್ನೊಂದು ಒಲೆಯನ್ನು ನೆನಪಿಗೆ ತಂದವು. ಅದು ಈ ತಾಯಿಯ ಕಿರಿಯ ಮಗನ ಮನೆಯದೇ.

ಆತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಉದ್ಯೋಗಿ. ಕೆಲವು ವರ್ಷಗಳ ಹಿಂದೆ ಪ್ರವಚನಕ್ಕೆಂದು ಆ ಕಡೆಗೆ ಹೋದಾಗ ಚಳಿಗಾಲದ ಒಂದು ವಾರ ಅವರ ಮನೆಯಲ್ಲಿದ್ದೆ. ಹೊರಗೆ ಮೊಣಕಾಲುದ್ದ ಹಿಮ; ಒಳಗೆ ಧೋತರವೊಂದೇ ಸಾಕೆನಿಸುವ ಬೆಚ್ಚಗು. ಕುತೂಹಲದಿಂದ ಕೇಳಿದಾಗ ಆತ ನೆಲಮಾಳಿಗೆಗೆ ಕರೆದೊಯ್ದು ತೋರಿಸಿದ. ಅಲ್ಲಿ ಎಣ್ಣೆಯಿಂದ ಉರಿಯುವ ಬಾಯ್ಲರ್ ಇತ್ತು. ಮನೆಯನ್ನು ಬೆಚ್ಚಗಿಡುವುದೂ ಜಳಕದ ನೀರು ಕಾಯಿಸುವುದೂ ಆ ಒಂದೇ ಒಲೆಯ ಕಾಯಕ.

ಅದರ ಎಣ್ಣೆಯು ನಮ್ಮ ಡೀಸೆಲಿನ ಹತ್ತಿರದ ಬಂಧು. ರಸ್ತೆಯ ತೆರಿಗೆ ಇಲ್ಲದ ಎಣ್ಣೆಯೆಂದು ಗುರುತಿಸಲು ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಮೂಲೆಯ ತೊಟ್ಟಿಯು 275 ಗ್ಯಾಲನ್, ಅಂದರೆ ಸುಮಾರು 1040 ಲೀಟರ್ ಹಿಡಿಯುವಂಥದು. ಪಂಪು ಆ ಎಣ್ಣೆಯನ್ನು ಸೂಕ್ಷ್ಮವಾದ ರಂಧ್ರದ ಮೂಲಕ ಒತ್ತಿ ಮಂಜಿನಂತೆ ಚಿಮ್ಮಿಸುತ್ತದೆ. ಬೀಸಣಿಗೆಯು ಗಾಳಿ ಊದುತ್ತದೆ. ವಿದ್ಯುತ್ತಿನ ಕಿಡಿ ಉರಿ ಹಚ್ಚುತ್ತದೆ. ಎಂಬತ್ತು ಡಿಗ್ರಿಯ ಆಸುಪಾಸಿಗೆ ಕಾದ ನೀರು ಗೋಡೆಗಳ ಬುಡದಲ್ಲಿ ಹಾಯ್ದ ಕೊಳವೆಗಳಲ್ಲಿ ಸುತ್ತಿ, ಕೋಣೆಗಳಿಗೆ ಶಾಖವನ್ನು ಕೊಟ್ಟು ಮರಳಿ ಬರುತ್ತದೆ. ಜಳಕದ ನೀರು ಮಾತ್ರ ಬೇರೆ ಸುರುಳಿಯಲ್ಲಿ ಹರಿದು ಕಾಯುತ್ತದೆ, ಎರಡೂ ಬೆರೆಯುವುದಿಲ್ಲ. ಒತ್ತಡದ ಮುಳ್ಳು ತಣ್ಣಗಿದ್ದಾಗ 12ರಿಂದ 15 ಪೌಂಡಿನ ನಡುವೆ ನಿಲ್ಲಬೇಕು. 30ಕ್ಕೆ ಏರಿದರೆ ರಕ್ಷಣಾ ಕವಾಟವು ತಾನೇ ತೆರೆದು ನೀರು ಚೆಲ್ಲುತ್ತದೆ. ಉರಿಯ ಮುಂದೆ ಬೆಳಕನ್ನರಿಯುವ ಪುಟ್ಟ ಕಣ್ಣೊಂದಿದೆ. ಎಣ್ಣೆ ಚಿಮ್ಮಿದರೂ ಉರಿ ಕಾಣದಿದ್ದರೆ ಕೆಲವೇ ಕ್ಷಣಗಳಲ್ಲಿ ಅದು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಮರಳಿ ಹೊರಡಿಸಲು ಕೆಂಪು ಗುಂಡಿಯೊಂದುಂಟು.

ನಾನಿದ್ದ ಮೂರನೆಯ ರಾತ್ರಿ ಆ ಒಲೆ ಆರಿತು. ಮನೆ ಗಂಟೆ ಗಂಟೆಗೂ ತಣ್ಣಗಾಗತೊಡಗಿತು. ಹುಡುಗ ಗಾಬರಿಗೊಂಡು ಕೆಂಪು ಗುಂಡಿಯನ್ನು ಮೇಲಿಂದ ಮೇಲೆ ಮೂರು ಬಾರಿ ಒತ್ತಿದ. ಕೊನೆಗೆ ದುರಸ್ತಿಯವನು ಹಿಮವನ್ನು ದಾಟಿ ಬಂದು ಮುಚ್ಚಳ ತೆರೆದು ನೋಡಿ ತಲೆಯಾಡಿಸಿದ. ತೊಟ್ಟಿಯಲ್ಲಿ ಎಣ್ಣೆ ತಳಕ್ಕಿಳಿದು, ಕೆಸರು ಸೋಸುಬಟ್ಟಲನ್ನು ಕಟ್ಟಿತ್ತು. ಪ್ರತಿ ಬಾರಿ ಗುಂಡಿ ಒತ್ತಿದಾಗಲೂ ಸ್ವಲ್ಪ ಎಣ್ಣೆ ಉರಿಯದೆ ಒಲೆಯೊಳಗೆ ಶೇಖರವಾಗಿತ್ತು. ಒಮ್ಮೆಗೇ ಕಿಡಿ ತಗಲಿದ್ದರೆ ಅದೆಲ್ಲ ಸಿಡಿದು ಮನೆತುಂಬ ಮಸಿ, ಹೊಗೆ, ಮುಂದೆ ಏನೋ! "ಮೊದಲು ತೊಟ್ಟಿಯ ಮಟ್ಟ ನೋಡಿ, ಸ್ವಿಚ್ಚು ನೋಡಿ, ಗುಂಡಿಯನ್ನು ಒಂದೇ ಸಲ ಒತ್ತಿ, ಉರಿಯದಿದ್ದರೆ ಕೈ ತೆಗೆಯಿರಿ" ಎಂದು ಆತ ಹೇಳಿದ್ದನ್ನು ಹುಡುಗ ನನಗೆ ಕನ್ನಡದಲ್ಲಿ ತಿಳಿಸಿದ.

ಹೊರಡುವ ಮುನ್ನ ಆತ ಹೊರಗೆ ಹೋಗಿ ಹೊಗೆ ಹೋಗುವ ದಾರಿಯನ್ನು ಪರೀಕ್ಷಿಸಿದ. ಕಾರಣ ಕೇಳಿದಾಗ ತಿಳಿದ ಸಂಗತಿ ಮನಸ್ಸನ್ನು ಕಲಕಿತು. 2005ರ ಜನವರಿಯ ಹಿಮಪಾತದಲ್ಲಿ ಅದೇ ರಾಜ್ಯದ ಪ್ಲಿಮತ್ ಪಟ್ಟಣದ ಮನೆಯೊಂದರಲ್ಲಿ ಬಾಯ್ಲರಿನ ಹೊಗೆದಾರಿಯನ್ನು ಹಿಮ ಮುಚ್ಚಿ, ವಿಷಾನಿಲ ಒಳಗೇ ತುಂಬಿ, ಏಳು ವರ್ಷದ ಬಾಲಿಕೆಯೊಬ್ಬಳು ತೀರಿಕೊಂಡಳು. ಅವಳ ಹೆಸರಿನಲ್ಲೇ 'ನಿಕೋಲ್ ಕಾನೂನು' ರೂಪುಗೊಂಡು, 2006ರಿಂದ ಅಂಥ ಒಲೆಗಳಿರುವ ಮನೆಗಳಲ್ಲಿ ಈ ಅನಿಲವನ್ನು ಗುರುತಿಸಿ ಕೂಗುವ ಯಂತ್ರವು ಕಡ್ಡಾಯವಾಯಿತು.

ಈಗ ತಂಬ್ರಹಳ್ಳಿಗೆ ಮರಳೋಣ. ಹೊಗೆಯಲ್ಲಿ ಕೂತು ತಾಯಿಯ ಕಣ್ಣು ಕೆಟ್ಟವೆಂದು ಮರುಗಿದ ಆ ಮಗನೇ ಹಣ ಕಳಿಸಿ ಹೊಸ ಸ್ನಾನಗೃಹ ಕಟ್ಟಿಸಿದ್ದ. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ಗ್ಯಾಸ್ ಗೀಜರ್, ಗಟ್ಟಿಯಾಗಿ ಮುಚ್ಚುವ ಬಾಗಿಲು, ಗಾಜು ಹಾಕಿದ ಒಂದು ಪುಟ್ಟ ಕಿಟಕಿ. ತಾಯಿ ಅದನ್ನು ಬಳಸುತ್ತಿರಲಿಲ್ಲ. ಅತಿಥಿಯೆಂದು ಮೂರನೆಯ ದಿನ ನನಗೆ ಅಲ್ಲಿ ವ್ಯವಸ್ಥೆಯಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಲೆ ಭಾರವಾಗಿ ಕಾಲು ನಡುಗತೊಡಗಿತು. ಹೇಗೋ ಅಗುಳಿ ತೆಗೆದು ಹೊರಬಿದ್ದೆ. ಹಿತ್ತಿಲ ಕಟ್ಟೆಯ ಮೇಲೆ ಗಾಳಿಗೆ ಕೂತಾಗ ಉಸಿರು ಹದಕ್ಕೆ ಬಂತು. ಮನೆಯವರು ಉಪವಾಸದ ನಿಶ್ಶಕ್ತಿ ಎಂದುಕೊಂಡರು. ತಾಯಿಯವರು ಮಾತ್ರ, "ಕೂಡ್ರಿಸಾಕ ಬಂದ ಹುಡುಗಗ ನಾ ಕೇಳಿದ್ದೆ, ಇದರ ಹೊಗಿ ಎಲ್ಲಿಂದ ಹೋಗತೈತಿ ಅಂತ. ಇದಕ್ಕ ಹೊಗೀನ ಇಲ್ಲಮ್ಮಾ ಅಂತ ನಕ್ಕುಬಿಟ್ಟ" ಎಂದರು.

ಹೊಗೆಯಿಲ್ಲವೆಂಬುದೇ ಇಲ್ಲಿಯ ಭ್ರಮೆ. ಗಾಳಿ ಸಾಲದ ಕಡೆ ಕಟ್ಟಿಗೆಯಾಗಲಿ, ಎಣ್ಣೆಯಾಗಲಿ, ಗ್ಯಾಸ್ ಆಗಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಇನ್ನೂರು ಪಟ್ಟಿಗೂ ಮಿಗಿಲಾದ ಸೆಳೆತದಿಂದ ಆಕ್ರಮಿಸುತ್ತದೆ. ಕಟ್ಟಿಗೆಯ ಹೊಗೆಯಾದರೆ ಕಣ್ಣುರಿಸಿ ಎಚ್ಚರಿಸುತ್ತದೆ. ಇದು ನಿದ್ರೆ ಬರಿಸಿ ಕೊಲ್ಲುತ್ತದೆ. ನಮ್ಮ ನಾಡಿನ ಪಟ್ಟಣಗಳಲ್ಲಿ ಸ್ನಾನಗೃಹದ ಬಾಗಿಲು ಒಡೆದು ಶವ ತೆಗೆದ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದು ಹೊಸ ಮಾತಲ್ಲ.

ಹಾಗೆಂದು ಹಳೆಯ ಒಲೆಯೇ ಶ್ರೇಷ್ಠವೆಂದು ನಾನು ಹೇಳಲಾರೆ. ಅರವತ್ತು ವರ್ಷ ಊದಿ ಊದಿ ಆ ತಾಯಿಯ ಕಣ್ಣು, ಉಸಿರು ಎರಡೂ ಸವೆದಿವೆ. ಮಗನ ಮರುಕ ನ್ಯಾಯವಾದದ್ದೇ. ತಪ್ಪಿದ್ದು ಹೊಸ ಒಲೆ ತಂದದ್ದರಲ್ಲಿ ಅಲ್ಲ. ಹಳೆಯ ಒಲೆಯ ಪ್ರಶ್ನೆಯನ್ನು ಹೊಸ ಒಲೆಗೆ ಕೇಳದೆ ಬಿಟ್ಟದ್ದರಲ್ಲಿ.

ಅದೇ ದಿನ ಮನೆಯ ಹಿರಿಯ ಮಗ ಗೀಜರನ್ನು ಕಳಚಿಸಿ ಹಿತ್ತಿಲ ಗೋಡೆಗೆ, ತೆರೆದ ಗಾಳಿಗೆ ಕೂಡಿಸಿದರು. ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ಬಿಟ್ಟರು. ಕಿಟಕಿಯ ಗಾಜು ತೆಗೆಸಿ ಜಾಳಿಗೆ ಹಾಕಿಸಿದರು. ಓದುಗ ಬಂಧುಗಳೂ ತಮ್ಮ ಮನೆಯಲ್ಲಿ ಇದನ್ನು ಇಂದೇ ನೋಡಿಕೊಳ್ಳಬೇಕು. ಗೀಜರ್ ಒಳಗಿದ್ದರೆ ಹೊರಗೆ ಹಾಕಿಸಿರಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಸಿ, ಗೀಜರ್ ಆರಿಸಿ, ಗಾಳಿಯಾಡಿದ ಮೇಲೆ ಜಳಕಕ್ಕೆ ಹೋಗಿರಿ. ತಲೆ ತಿರುಗಿದರೆ, ವಾಕರಿಕೆ ಬಂದರೆ ತಡಮಾಡದೆ ಹೊರಗೆ ಬನ್ನಿರಿ, ವೈದ್ಯರನ್ನು ಕಾಣಿರಿ.

ನಾನು ಹೊರಡುವ ಸಂಜೆ ಅಮೆರಿಕದಿಂದ ಮಗನ ಫೋನು ಬಂತು. ನಡೆದದ್ದನ್ನು ಅಣ್ಣನಿಂದ ಕೇಳಿ ಆತ ಬಹಳ ನೊಂದುಕೊಂಡನಂತೆ. ತಾಯಿಯವರು ಫೋನು ಇಸಿದುಕೊಂಡು ಸಮಾಧಾನದ ಮಾತು ಹೇಳಿ, ಕೊನೆಗೆ ಕೇಳಿದರು: "ಅಲ್ಲಿ ಹಿಮ ಬೀಳಾಕ ಹತ್ತೈತಂತಲ್ಲ, ನಿನ್ನ ಒಲೀ ಹೊಗಿ ದಾರಿ ನೋಡೀಯೇನಪ್ಪಾ?"