ಮಾಲೆಯ ಹವಳದ ಮಸೀದಿಯಿಂದ

ಮಾಲ್ದೀವ್ಸ್‌ನ ರಾಜಧಾನಿ ಮಾಲೆಗೆ ಹೋಗುವ ಅವಕಾಶ ಸಿಕ್ಕರೆ ಹುಕುರು ಮಿಸ್ಕಿಯನ್ನು ನೋಡದೆ ಬರಬೇಡಿ. ಹವಳದ ಕಲ್ಲನ್ನು ಕೊರೆದು 1658ರಲ್ಲಿ ಕಟ್ಟಿದ ಜುಮಾ ಮಸೀದಿಯದು. ಗೋಡೆಗಳ ತುಂಬ ಕೆತ್ತನೆ. ಮಸೀದಿಯ ಕಲ್ಲೂ ಊಟದ ಮೀನೂ ಅಲ್ಲಿಯವರಿಗೆ ಕಡಲಿನದೇ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಖಾಝಿಯಾಗಿದ್ದುದೂ ಈ ದ್ವೀಪಗಳಲ್ಲೇ.

ಸುಮಾರು 1,200 ದ್ವೀಪಗಳಲ್ಲಿ ಜನರು ವಾಸಿಸುವುದು 200ರಷ್ಟರಲ್ಲಿ ಮಾತ್ರ. ಖಾಲಿ ದ್ವೀಪಗಳನ್ನು ಸರಕಾರ ರೆಸಾರ್ಟುಗಳಿಗೆ ಗುತ್ತಿಗೆ ಕೊಡುತ್ತದೆ. ದೇಶದ ಆದಾಯಕ್ಕೆ ಅದು ಬೇಕು, ನಿಜ. ಆದರೆ ನೆರೆಮನೆಯವಳು ನಂಬಿ ಬಿಟ್ಟುಹೋದ ಒಡವೆಯನ್ನು ಅವಳನ್ನು ಕೇಳದೆ ನಾವು ಬೇರೆಯವರಿಗೆ ಕೊಡುತ್ತೇವೆಯೇ? ದ್ವೀಪಗಳೂ ಜನರ ಅಮಾನತ್ತೇ ಅಲ್ಲವೇ! 50ಕ್ಕೂ ಹೆಚ್ಚು ದ್ವೀಪ, ಲಗೂನುಗಳು ಬಹಿರಂಗ ಹರಾಜಿಲ್ಲದೆ ಕೈಬದಲಾದವು. ಅದರಲ್ಲಿ ಸುಮಾರು 7.9 ಕೋಟಿ ಡಾಲರ್ ಬೊಕ್ಕಸ ಸೇರಲಿಲ್ಲವೆಂದು 2016ರ ಲೆಕ್ಕಪರಿಶೋಧನಾ ವರದಿ ತಿಳಿಸಿತು. ಜನ ಕೆರಳಿದರು. 2018ರ ಚುನಾವಣೆಯಲ್ಲಿ ಅಧ್ಯಕ್ಷ ಯಾಮೀನ್ ಸೋತರು. ಹಿಂದೆ ಪ್ರವಾಸೋದ್ಯಮ ಸಚಿವರಾಗಿ, ಬಳಿಕ ಉಪಾಧ್ಯಕ್ಷರೂ ಆಗಿದ್ದ ಅಹ್ಮದ್ ಅದೀಬ್‌ಗೆ 2020ರಲ್ಲಿ 20 ವರ್ಷಗಳ ಶಿಕ್ಷೆಯಾಯಿತು.

ಜನರ ಸಿಟ್ಟು ಅಷ್ಟಕ್ಕೇ ತಣಿಯಲಿಲ್ಲ. ಆ ಹಣದಲ್ಲಿ ಪಾಲು ಪಡೆದವರೆಲ್ಲರ ಹೆಸರಿನ ಪಟ್ಟಿ ಹೊರಗೆ ಬರಲಿ ಎಂದು ಅವರು ಮತ್ತೆ ಮತ್ತೆ ಕೇಳಿದರು.