ಐದು ಹೊಲಿಗೆ

ನನಗಾಗ ಹತ್ತು ವರ್ಷ. ರಾಮನಗರದ ಬಳಿಯ ನಮ್ಮೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ಅಂಗೈ ಸೀಳಿತು. ಕಪ್ಪು ದಾರದಲ್ಲಿ ಐದು ಹೊಲಿಗೆ ಹಾಕಿದ ಡಾಕ್ಟರು, “ಅಳಬೇಡ ಮರಿ, ಈ ದಾರವೂ ರೇಷ್ಮೆಯದೇ” ಎಂದರು. ಜೊತೆಗಿದ್ದ ಅಜ್ಜಿ ಮಂಕಾದಳು. “ಹುಳಾನ ಸುಡುನೀರಿಗೆ ಕಳಿಸೋರು ನಾವು. ಅದರ ನೂಲೇ ನಮ್ಮ ಮಗೀನ ಕೈ ಹೊಲೀತಲ್ಲ” ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಆ ನೂಲಿನ ಗುಣ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ರೇಷ್ಮೆ ಎಳೆಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. ಒಳಗಿನ ಗಟ್ಟಿ ಎಳೆ ಫೈಬ್ರಾಯಿನ್, ಮೇಲಿನ ಅಂಟು ಸೆರಿಸಿನ್. ಸೋಡಾ ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ಉಳಿದ ಫೈಬ್ರಾಯಿನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಆ ಲವಣವನ್ನು ತೆಗೆದು, ತೆಳು ಹಾಳೆಯನ್ನೋ ಸ್ಪಂಜನ್ನೋ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಚರ್ಮದ, ಮೂಳೆಯ ಜೀವಕೋಶಗಳು ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಅದರ ಮೇಲೆ ಹಬ್ಬುತ್ತವೆ. ದೇಹದೊಳಗೆ ಹೊಸ ಅಂಗಾಂಶ ಬಲಿತಂತೆಲ್ಲ ಈ ಚಪ್ಪರ ನಿಧಾನವಾಗಿ ಕರಗಿಹೋಗಬೇಕು ಎಂಬುದು ವಿಜ್ಞಾನಿಗಳ ಆಸೆ.

ಇದಕ್ಕೆ ಉದ್ದನೆಯ ನೂಲು ಬೇಕಿಲ್ಲ. ಗೂಡನ್ನು ಕತ್ತರಿಸಿಯೇ ಕುದಿಸುತ್ತಾರೆ. ಪತಂಗ ತೂತು ಮಾಡಿಕೊಂಡು ಹೊರಬಂದ ಗೂಡನ್ನು ನೂಲು ತೆಗೆಯುವವರು ಬೇಡವೆನ್ನುತ್ತಾರೆ. ಇಲ್ಲಿ ಅದೂ ಆದೀತು. ಅಂಥ ಗೂಡಿಗಾಗಿ ಹುಳು ಸಾಯಬೇಕಿಲ್ಲ.

ಅಜ್ಜಿಗೆ ಇದನ್ನು ಹೇಳೋಣವೆಂದರೆ ಅವಳಿಲ್ಲ. ಮೊನ್ನೆ ಮಗಳು ನನ್ನ ಅಂಗೈಯ ಗೆರೆ ಮುಟ್ಟಿ, “ಇದೇನಮ್ಮ?” ಎಂದಳು. ಅವಳಿಗೆ ಹೇಳಿದೆ.